ಮಧ್ಯಾಹ್ನಕ್ಕೆ ಹುಟ್ಟುತ್ತಿದ್ದ ದಿನ

ಹಳೆಯ ಹಡಗುಗಳ ಮೇಲೆ ದಿನ ಮಧ್ಯಾಹ್ನಕ್ಕೆ ಹುಟ್ಟುತ್ತಿತ್ತು. ಸೂರ್ಯ ನೆತ್ತಿಗೆ ಬಂದಾಗ ಅಧಿಕಾರಿ ಅದರ ಎತ್ತರವನ್ನು ಅಳೆದು, ಹಡಗು ಎಲ್ಲಿದೆಯೆಂದು ಲೆಕ್ಕ ಹಾಕಿ, ಆ ಗಳಿಗೆಯಿಂದ ಹೊಸ ತಾರೀಕು ಬರೆಯುತ್ತಿದ್ದ. ದಡದ ಮೇಲಿನವರಿಗೆ ಇನ್ನೂ ಸೋಮವಾರ. ಹಡಗಿನವನಿಗೆ ಆಗಲೇ ಮಂಗಳವಾರ. ಆದ್ದರಿಂದ ಹಡಗಿನ ದಿನಚರಿಯಲ್ಲಿ ‘ಮಂಗಳವಾರ ಸಂಜೆ’ ಎಂದು ಕಂಡರೆ ಅದು ನಮ್ಮ ಲೆಕ್ಕದಲ್ಲಿ ಸೋಮವಾರ ಸಂಜೆ. ಈ ಕೆಲಸಕ್ಕೆ ಬರುವ ಕಿರಿಯರು ಮೊದಲು ಕಲಿಯಬೇಕಾದದ್ದು ಇದು. ಎರಡನೆಯದಾಗಿ ಕಲಿಯಬೇಕಾದದ್ದು, ಮೊದಲು ಕಲಿತದ್ದನ್ನು ಎಲ್ಲ ಕಡೆಯೂ ಹಚ್ಚಬಾರದೆಂಬುದು. ಇದನ್ನು ಕಲಿಯಲು ನಾನು ನೌಕರಿಯ ಕೊನೆಯ ವರ್ಷದವರೆಗೆ ಕಾಯಬೇಕಾಯಿತು.

ವಾಷಿಂಗ್ಟನ್ನಿನ ಒಂದು ವಸ್ತುಸಂಗ್ರಹಾಲಯದಲ್ಲಿ ನಾನು ಕಾಲನಿರ್ಣಯದ ಸಂಶೋಧಕನಾಗಿದ್ದೆ. ಕೇಳಲು ಗಂಭೀರವಾದ ಹೆಸರು. ಪೆಸಿಫಿಕ್ ದ್ವೀಪಗಳಿಂದ ಬಂದ ವಸ್ತು ಯಾವಾಗ, ಯಾವ ಹಡಗಿನಲ್ಲಿ, ಯಾವ ದಡದಿಂದ ಬಂತು ಎಂಬುದನ್ನು ಪರಿಶೀಲಿಸಿ ಒಂದು ಸಾಲಿನಲ್ಲಿ ಬರೆದು ಸಹಿ ಹಾಕುವುದು ನನ್ನ ಕೆಲಸ. ಧಾರವಾಡದಲ್ಲಿ ಓದುತ್ತಿದ್ದಾಗ ಶಾಸನಗಳ ತಿಥಿ, ವಾರಗಳನ್ನು ತಾಳೆ ನೋಡುವುದನ್ನು ಕಲಿತಿದ್ದೆ. ಶಾಸನ ‘ಸೋಮವಾರ, ಹುಣ್ಣಿಮೆ, ಗ್ರಹಣ’ ಎಂದರೆ ಆ ಮೂರೂ ಒಟ್ಟಿಗೆ ಬಂದ ವರ್ಷವನ್ನು ಹುಡುಕಬೇಕು. ಒಂದು ತಪ್ಪಿದರೂ ಶಾಸನವನ್ನೇ ಅನುಮಾನಿಸಬೇಕು. ಆ ಅನುಮಾನವೇ ನನ್ನನ್ನು ಅಮೆರಿಕಕ್ಕೆ ತಂದಿತು, ಇಲ್ಲಿಯೇ ಅನ್ನ ಹಾಕಿತು. ಅದಕ್ಕೆ ಪ್ರತಿಯಾಗಿ ನೆಮ್ಮದಿಯನ್ನು ತೆಗೆದುಕೊಂಡಿತು.

ನನ್ನ ಮೊದಲ ಮೇಲಧಿಕಾರಿ ಮಿತಭಾಷಿ. ತಹೀತಿ ದ್ವೀಪದ ಒಂದು ಸಭೆಯ ತಾರೀಕನ್ನು ಪಾದ್ರಿಗಳ ಬರಹದಿಂದ ಎತ್ತಿ ನಾನು ಬರೆದುಕೊಟ್ಟಾಗ, ಅವರು ಕಾಗದದ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದು ಹಿಂದಿರುಗಿಸಿದರು: ‘ಇದು ಯಾರ ಭಾನುವಾರ?’ ನನಗೆ ತಲೆಬುಡ ತಿಳಿಯಲಿಲ್ಲ. ಕೇಳಲು ಹೋದರೆ, “ನಕಾಶೆ ನೋಡಿ” ಎಂದು ಬಾಗಿಲು ಹಾಕಿಕೊಂಡರು. ನೋಡಿದೆ. ೧೭೯೭ರಲ್ಲಿ ತಹೀತಿಗೆ ಬಂದ ಇಂಗ್ಲಿಷ್ ಪಾದ್ರಿಗಳು ಪಶ್ಚಿಮದ ದಿಕ್ಕಿನಿಂದ ಬಂದಿದ್ದರು. ಪೆಸಿಫಿಕ್ಕನ್ನು ಪೂರ್ವಕ್ಕೆ ದಾಟುವಾಗ ವಾರವನ್ನು ಒಂದು ದಿನ ಹಿಂದಕ್ಕೆ ಸರಿಸಿಕೊಳ್ಳಬೇಕು, ಅವರು ಸರಿಸಿಕೊಳ್ಳಲಿಲ್ಲ. ಪೂರ್ವದಿಂದ ಬಂದ ಹಡಗಿನವರಿಗೆ ಶನಿವಾರವಾಗಿದ್ದ ದಿನ ದ್ವೀಪದವರು ಭಾನುವಾರದ ಪ್ರಾರ್ಥನೆ ಮಾಡುತ್ತಿದ್ದರು. ೧೮೪೨ರಲ್ಲಿ ಫ್ರೆಂಚರು ರಕ್ಷಣೆಯ ಹೆಸರಿನಲ್ಲಿ ದ್ವೀಪವನ್ನು ಕೈಗೆ ತೆಗೆದುಕೊಂಡ ಮೇಲೆ ವಾರವನ್ನೂ ತಿದ್ದಿದರು. ಅಂದರೆ, ಮೊದಲು ಬಂದವನು ತನ್ನ ದೇವರನ್ನು ತಂದ, ಆಮೇಲೆ ಆಳಲು ಬಂದವನು ಆ ದೇವರ ದಿನವನ್ನೇ ಬದಲಾಯಿಸಿದ. ದ್ವೀಪದವರನ್ನು ಎರಡು ಸಲವೂ ಯಾರೂ ಕೇಳಲಿಲ್ಲ. ‘ಇದು ಯಾರ ದಿನ?’ ಎಂಬ ಪ್ರಶ್ನೆಯನ್ನು ನಾನು ಅಂದಿನಿಂದ ಬಿಟ್ಟಿಲ್ಲ. ಮೇಲಧಿಕಾರಿಗಳು ಕಲಿಸುವುದು ಹೀಗೆಯೇ, ಬಾಗಿಲು ಹಾಕಿಕೊಂಡು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಮೈಕ್ರೋಫಿಲ್ಮ್ ಸುರುಳಿಗಳನ್ನು ತಿರುಗಿಸುತ್ತ ಕೂರುತ್ತಿದ್ದೆವು. ಬೇಕಾದ ಪುಟಕ್ಕೆ ಹೋಗಲು ಬೇಡವಾದ ಪುಟಗಳನ್ನೆಲ್ಲ ದಾಟಬೇಕಿತ್ತು. ೨೦೨೦ರಲ್ಲಿ ಸೋಂಕಿನಿಂದಾಗಿ ಕಟ್ಟಡ ಮುಚ್ಚಿತು. ನಾನು ವಾಷಿಂಗ್ಟನ್ನಿನಿಂದ ದಕ್ಷಿಣಕ್ಕೆ, ಡರ್ಹಮ್‌ನ ನಮ್ಮ ಮನೆಗೆ ಬಂದು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡೆ. ಈಗ ಪದ ಕೊಟ್ಟರೆ ಪುಟ ತಾನಾಗಿ ಎದ್ದು ಬರುತ್ತದೆ. ಸುಖವಾಯಿತು, ಆದರೆ ದಾಟುವ ಪುಟಗಳು ಹೋದವು. ಬೇಡವೆಂದು ಸರಿಸಿದ ಪುಟದಲ್ಲಿ ಏನಿತ್ತೋ ಎಂಬ ದಿಗಿಲು ಮಾತ್ರ ಉಳಿಯಿತು. ನನ್ನ ಹೆಂಡತಿ ಸುಮಿತ್ರಾ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧ ಕಂಪನಿಯಿಂದ ಆಗಲೇ ನಿವೃತ್ತಳಾಗಿದ್ದಳು. ನಾನು ಮುಗಿದ ವರದಿಯನ್ನು ಮತ್ತೆ ತೆರೆಯುವುದನ್ನು ಕಂಡಾಗಲೆಲ್ಲ ಅವಳದು ಒಂದೇ ಮಾತು: “ಗ್ಯಾಸ್ ಆರಿಸೀನೋ ಇಲ್ಲೋ ಅಂತ ಊರಿಂದ ವಾಪಸ್ ಬರೂ ಮಂದೀ ಹಂಗ ಆತು ನಿಮ್ಮ ಸಂಶೋಧನಾ.”

ಇನ್ನು ಆ ಕೊನೆಯ ಪ್ರಕರಣ.

ಪೆಸಿಫಿಕ್ಕಿನ ಮಾರ್ಕೇಸಾಸ್ ದ್ವೀಪಗಳಲ್ಲಿ ನುಕು ಹಿವಾ ದೊಡ್ಡದು. ದಕ್ಷಿಣದ ದ್ವೀಪಗಳನ್ನು ಸ್ಪೇನಿನ ಹಡಗುಗಳು ೧೫೯೫ರಲ್ಲೇ ಕಂಡು, ಕೊಂದು, ಹೆಸರಿಟ್ಟು ಹೋಗಿದ್ದವು. ನುಕು ಹಿವಾಕ್ಕೆ ಆ ಕಷ್ಟ ತಡವಾಗಿ ಬಂತು. ೧೮೧೩ರಲ್ಲಿ ಅಮೆರಿಕದ ನೌಕಾಪಡೆಯ ಕಪ್ತಾನನೊಬ್ಬ ಅಲ್ಲಿ ಕೋಟೆ ಕಟ್ಟಿ, ಒಂದು ಕಣಿವೆಯವರನ್ನು ಕೂಡಿಕೊಂಡು ಮತ್ತೊಂದು ಕಣಿವೆಯನ್ನು ಸುಟ್ಟ. ದ್ವೀಪ ಅಮೆರಿಕದ್ದೆಂದು ಘೋಷಿಸಿದ. ವಾಷಿಂಗ್ಟನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಿಮಿಂಗಿಲ ಬೇಟೆಯ ಹಡಗುಗಳು ನೀರಿಗೆ, ಹಣ್ಣಿಗೆ ನಿಲ್ಲತೊಡಗಿದವು. ೧೮೪೨ರಲ್ಲಿ ಫ್ರೆಂಚರು ಬಾವುಟ ಏರಿಸಿದರು. ೧೮೬೩ರಲ್ಲಿ ಸಿಡುಬು ಬಂತು. ಕಣಿವೆಗೆ ಕಣಿವೆಯೇ ಬರಿದಾಯಿತು. ಬದುಕಿದ ಕೆಲವರು ಒಲೆ ಆರಿದ ಮನೆಗಳನ್ನು ಬಿಟ್ಟು, ಬೆಟ್ಟ ದಾಟಿ, ಒಂದು ಕಾಲದಲ್ಲಿ ವೈರಿಗಳಾಗಿದ್ದವರ ಕಣಿವೆಗೆ ಹೋಗಿ ಸೇರಿದರು. ಈ ಕೊನೆಯ ವಾಕ್ಯವನ್ನು ನಾನು ಹಲವು ವರದಿಗಳಲ್ಲಿ ಬರೆದಿದ್ದೇನೆ. ಅದರ ಅರ್ಥ ನನಗೆ ಗೊತ್ತಿತ್ತೆಂದು ತಿಳಿದಿದ್ದೆ.

ನಮ್ಮ ಸಂಗ್ರಹದಲ್ಲಿ ನುಕು ಹಿವಾದ ಒಬ್ಬ ಹಿರಿಯರ ಅಸ್ಥಿ ಇತ್ತು. ಸಿಡುಬಿಗೆ ಮುಂಚಿನ ಒಂದು ವರ್ಷ, ತಿಮಿಂಗಿಲ ಬೇಟೆಯ ಹಡಗೊಂದರ ಎರಡನೆಯ ಅಧಿಕಾರಿ ಅದನ್ನು ಸಮಾಧಿಸ್ಥಳದಿಂದ ಕದ್ದು ತಂದಿದ್ದ. ತಾರೀಕನ್ನಾಗಲಿ ಕಣಿವೆಗಳ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಅಂಥ ಸ್ಥಳಗಳನ್ನು ಹುಡುಕಿಕೊಂಡು ಹೋಗುವವರು ಇಂದಿಗೂ ಇದ್ದಾರೆ, ಬರೆಯಬೇಡಿರೆಂದು ಆ ಹಿರಿಯರ ಕಡೆಯ ಕುಟುಂಬ ಕೇಳಿಕೊಂಡಿದೆ. ಪಡುವಣ ಕಣಿವೆ, ಮೂಡಣ ಕಣಿವೆ ಎಂದರೆ ಸಾಕು. ನಡುವೆ ಎತ್ತರದ ಬೆಟ್ಟ.

ಅಸ್ಥಿಗೆ ಕಟ್ಟಿದ್ದ ಚೀಟಿಯಲ್ಲಿ ‘ಮಂಗಳವಾರ ಸಂಜೆ’ ಎಂದಿತ್ತು. ಹಡಗು ಸೋಮವಾರ ಬೆಳಿಗ್ಗೆ ಪಡುವಣ ಕಣಿವೆಯ ಕೊಲ್ಲಿಯಲ್ಲಿ ಲಂಗರು ಹಾಕಿತ್ತು. ಮಂಗಳವಾರ ಬೆಳಿಗ್ಗೆ ಹೊರಟು ಮೂಡಣ ಕೊಲ್ಲಿಗೆ ಹೋಗಿತ್ತು. ಬೆಳಗಿನ ಹೊತ್ತಿಗೆ ಹಡಗಿನ ದಿನವೂ ದಡದ ದಿನವೂ ಒಂದೇ. ಮೇಲುನೋಟಕ್ಕೆ, ಮಂಗಳವಾರ ಸಂಜೆಯೆಂದರೆ ಮೂಡಣ. ಆದರೆ ಅದು ಹಡಗಿನ ದಿನವಾದರೆ ನಮ್ಮ ಸೋಮವಾರ ಸಂಜೆ, ಅಂದರೆ ಪಡುವಣ. ನನ್ನಂಥ ಅನುಭವಿ ಬೇರೆ ಏನು ಬರೆದಾನು? ‘ಪಡುವಣ ಕಣಿವೆ. ಖಚಿತ’ ಎಂದು ಬರೆದು ಸಹಿ ಹಾಕಿದೆ.

ಅಸ್ಥಿಯನ್ನು ಮರಳಿ ಕೊಡಿರೆಂದು ಕೇಳಿದ್ದವರು ಪಡುವಣ ಕಣಿವೆಯವರೇ. ಅವರ ಪರವಾಗಿ ಅರ್ಜಿ ಹಾಕಿದ್ದ, ತೊಂಬತ್ತರ ಸಮೀಪದ ತಹಿಯಾ ಎಂಬ ವೃದ್ಧೆ ಅಟ್ಲಾಂಟಾದ ಹತ್ತಿರ, ಡಿಕೇಟರ್‌ನಲ್ಲಿದ್ದ ಮೊಮ್ಮಗಳು ಹಿನಾಳ ಮನೆಯಲ್ಲಿದ್ದರು. ೨೦೨೦ರ ಆರಂಭದಲ್ಲಿ ನಾಲ್ಕು ದಿನ ಇದ್ದು ಹೋಗಲು ಬಂದವರು. ದ್ವೀಪದ ದಾರಿ ಮುಚ್ಚಿತು, ಆಮೇಲೆ ಹೃದಯ ಕೈಕೊಟ್ಟಿತು. ಹಿನಾ ಆಸ್ಪತ್ರೆಯಲ್ಲಿ ನರ್ಸ್. ತಹಿಯಾ ಅವರ ಕುಟುಂಬದಲ್ಲಿ ಒಂದು ಕಥೆ ಬಾಯಿಂದ ಬಾಯಿಗೆ ಬಂದಿತ್ತು: ಜನ ಚಂದ್ರನಿಗಾಗಿ ಕಾಯುತ್ತಿದ್ದಾಗ, ಕತ್ತಲೆಯಲ್ಲಿ ಹಡಗಿನವರು ಬಂದು ಹಿರಿಯರನ್ನು ಕದ್ದೊಯ್ದರು. ೨೦೨೧ರಲ್ಲಿ ಯಾರೋ ಅದನ್ನು ಧ್ವನಿಮುದ್ರಿಸಿ ಇಂಗ್ಲಿಷಿನಲ್ಲಿ ಸಾರಾಂಶ ಮಾಡಿದ್ದರು. ನಾನು ಸಾರಾಂಶ ಓದಿದೆ, ಧ್ವನಿಯನ್ನು ಕೇಳಲಿಲ್ಲ. ಭಾಷೆ ಬಾರದವನು ಕೇಳಿ ಮಾಡುವುದೇನು ಎಂದುಕೊಂಡೆ. ಕಿರಿಯರೇ, ಭಾಷೆ ಬಾರದಿದ್ದರೂ ಕೇಳಿ.

ಹಿಂತಿರುಗಿಸುವ ಕಡತ ಮೇಘನಾಳ ಕೈಯಲ್ಲಿತ್ತು. ಅವಳು ಅಟ್ಲಾಂಟಾದ ಉತ್ತರಕ್ಕಿರುವ ಅಲ್ಫರೆಟಾದಲ್ಲಿ ಬೆಳೆದ ಮೈಸೂರಿನವರ ಮಗಳು; ಆಗಲೂ ಅಲ್ಲಿಂದಲೇ ಕೆಲಸ ಮಾಡುತ್ತಿದ್ದಳು. ಕಡತದಲ್ಲಿ ಅವಳು ನನಗೆ ಮೇಲಧಿಕಾರಿ. ಫೋನಿನಲ್ಲಿ ನಾನು ಅವಳಿಗೆ ಅಂಕಲ್. ೨೦೨೨ರ ಬೇಸಿಗೆಯ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಪಡುವಣ ಕಣಿವೆಯಲ್ಲಿ ತಹಿಯಾ ಅವರ ಗಂಡನ ಸಮಾಧಿಯ ಪಕ್ಕದಲ್ಲೇ ಜಾಗ ಅಗೆದಿದ್ದರು. ತಹಿಯಾ ತಾವೇ ಹಿರಿಯರನ್ನು ಒಯ್ಯುವುದೆಂದು ಹಟ ಹಿಡಿದಿದ್ದರು. ವೈದ್ಯರು ಒಲ್ಲದ ಮನಸ್ಸಿನಿಂದ ಒಪ್ಪಿದ್ದರು.

ಆಗ ನನ್ನೊಳಗೆ ಹುಳ ಹೊಕ್ಕಿತು.

ಕಿರಿಯರಿಗೆ ಪಾಠ ಹೇಳಲು ಟಿಪ್ಪಣಿ ಮಾಡುತ್ತಿದ್ದೆ. ‘ಹಡಗಿನ ದಿನ ಮಧ್ಯಾಹ್ನಕ್ಕೆ ಆರಂಭ’ ಎಂದು ಬರೆದು, ಅದರ ಕೆಳಗೆ ಅಭ್ಯಾಸಬಲದಿಂದ, ‘ಆದರೆ ಲಂಗರು ಹಾಕಿದ ಮೇಲೆ ಅನೇಕರು ದಡದ ದಿನಕ್ಕೆ ಹೊರಳುತ್ತಿದ್ದರು’ ಎಂದು ಬರೆದೆ. ಬರೆದ ಕೈ ಅಲ್ಲೇ ನಿಂತಿತು. ಆ ಹಡಗು ಲಂಗರು ಹಾಕಿತ್ತು. ಚೀಟಿ ಬರೆದವನು ಯಾವ ದಿನ ಎಣಿಸುತ್ತಿದ್ದ? ಇಂಗ್ಲಿಷ್ ನೌಕಾಪಡೆ ಹಳೆಯ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಬಿಟ್ಟಿತ್ತು, ಅಮೆರಿಕದ್ದು ಇನ್ನೂ ದಶಕಗಳು ಕಳೆದ ಮೇಲೆ. ಬೇಟೆಯ ಹಡಗಿನವರು ತಮಗೆ ತೋಚಿದಂತೆ. ಇರುವ ಕಾಗದವನ್ನೆಲ್ಲ ಮತ್ತೆ ತೆಗೆದೆ. ಯಾವುದೂ ಬಾಯಿ ಬಿಡಲಿಲ್ಲ. ‘ಖಚಿತ’ ಎಂಬ ಆ ಮೂರು ಅಕ್ಷರ ಕಣ್ಣ ಮುಂದಿನಿಂದ ಹೋಗಲಿಲ್ಲ. ಹಲ್ಲುಜ್ಜುವಾಗ, ತರಕಾರಿ ಅಂಗಡಿಯಲ್ಲಿ, ಪರಿಚಯದವರ ಮಗುವಿನ ಹುಟ್ಟುಹಬ್ಬದಲ್ಲಿ ಕೈಯಲ್ಲಿ ಕೇಕಿನ ತಟ್ಟೆ ಹಿಡಿದು ನಿಂತಾಗಲೂ ಅದೇ. ಒಂದು ಕಣಿವೆಯ ಹಿರಿಯರನ್ನು ಮತ್ತೊಂದು ಕಣಿವೆಯ ಮಣ್ಣಿಗೆ ಹಾಕಿಸುವ ಸಹಿ ನನ್ನದು. ಮೊದಲ ಸಲ ಕದ್ದವನಿಗೆ ತಾನು ಮಾಡುತ್ತಿರುವುದೇನೆಂದು ಗೊತ್ತಿತ್ತು. ಎರಡನೆಯವನಾದ ನಾನು ಸತ್ಕಾರ್ಯವೆಂದು ಮಾಡುತ್ತಿದ್ದೆ.

ಮೇಘನಾಳಿಗೆ ಫೋನ್ ಮಾಡಿದೆ. ಅವಳು ಕಾರಿನಲ್ಲಿದ್ದಳು, ನಾಲ್ಕುನೂರನೆಯ ನಂಬರಿನ ಹೆದ್ದಾರಿಯ ದಟ್ಟಣೆಯ ಸದ್ದು ಕೇಳುತ್ತಿತ್ತು.

“ಅಂಕಲ್, ಪ್ಲೀಸ್ ಡೋಂಟ್ ಡೂ ದಿಸ್ ಟು ಮೀ,” ಎಂದಳು. “ಈಗ ರೀಓಪನ್ ಮಾಡಿದ್ರೆ ಪೇಪರ್ಸ್ ಎಲ್ಲಾ ಮತ್ತೆ ಫೈಲ್ ಮಾಡ್ಬೇಕು. ತಿಂಗಳುಗಟ್ಲೆ ಆಗತ್ತೆ. ಅಜ್ಜಿ ಹಾರ್ಟ್ ಅಷ್ಟು ವೇಟ್ ಮಾಡತ್ತಾ?”

“ಆದರೆ ಮೂಡಣ ಕಣಿವೆಯದಾದರೆ?”

“ಮೂಡಣ ಕಣಿವೆಯವರು ಯಾರೂ ಕ್ಲೇಮ್ ಮಾಡಿಲ್ಲ. ಅಲ್ಲಿ ಇರೋದೇ ಫ್ಯೂ ಫ್ಯಾಮಿಲೀಸ್. ಯಾರೂ ಕೇಳಲ್ಲ, ಅಂಕಲ್.”

“ಕೇಳಬೇಕಾದವರು ಸಿಡುಬಿನಲ್ಲಿ ಸತ್ತರಮ್ಮ.”

ಅತ್ತ ಕಡೆ ಇಂಡಿಕೇಟರ್‌ನ ಟಿಕ್ ಟಿಕ್ ಕೇಳಿಸಿತು, ಅವಳು ಕಾರನ್ನು ಬದಿಗೆ ನಿಲ್ಲಿಸಿದಳು. ಕೊನೆಗೆ ಅವಳು ಹೇಳಿದ್ದು: “ಓಕೆ. ಸ್ವಲ್ಪ ಟೈಮ್ ಕೊಡ್ತೀನಿ. ಬಟ್ ಡೌಟ್ ತಂದ್ರೆ ಸಾಲ್ದು, ಆನ್ಸರ್ ತನ್ನಿ.”

ಉತ್ತರದ ಎಳೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಂದು ಸಂಕಷ್ಟ ಚತುರ್ಥಿ. ಸುಮಿತ್ರಾ ಬೆಳಗಿನಿಂದ ಉಪವಾಸ. ಚಂದ್ರನನ್ನು ನೋಡಿಯೇ ಊಟ.

“ಏನ್ರೀ, ಚಂದ್ರೋದಯ ಎಷ್ಟಕ್ಕದ ನೋಡ್ರಿ ಫೋನಿನ್ಯಾಗ,” ಎಂದಳು. “ಹುಣ್ಣಿವಿ ದಿನಾ ಭಾಳ ಶಾಣ್ಯಾ ಅಂವಾ. ಸೂರ್ಯಾ ಮುಳುಗೂದs ತಡಾ, ಎದ್ದು ನಿಂತಿರತಾನ. ಮರುದಿನದಿಂದ ಹಿಡಿದ ನೋಡ್ರಿ, ದಿನಾ ತಡಾ, ದಿನಾ ತಡಾ. ಸಂಕಷ್ಟಿ ಬರೂದ್ರಾಗ ನನ್ನ ಹೊಟ್ಟಿ ತಾಳ ಬಾರಸತಿರತದ.”

ನಾನು ಫೋನನ್ನು ಅವಳ ಕೈಗೆ ಕೊಟ್ಟು ಮೇಜಿಗೆ ಓಡಿದೆ. ಜನ ಚಂದ್ರನಿಗಾಗಿ ಕಾಯುತ್ತಿದ್ದರು. ಕತ್ತಲೆಯಲ್ಲಿ ಕಳ್ಳರು ಬಂದರು. ಹಾಗಾದರೆ ಅದು ಹುಣ್ಣಿಮೆಯ ಸಂಜೆಯಲ್ಲ, ಅದು ಕಳೆದ ಮೇಲಿನದು. ಸೂರ್ಯ ಮುಳುಗಿದ ಮೇಲೆ, ಚಂದ್ರ ಹುಟ್ಟುವ ಮುನ್ನ ಕತ್ತಲೆಯ ಒಂದು ಸಂದು ಬೇಕು. ಆ ವಾರದ ಹುಣ್ಣಿಮೆಯನ್ನು ಲೆಕ್ಕ ಹಾಕಿದೆ. ಬಂದ ಉತ್ತರವನ್ನು ಬೇರೆ ಕೋಷ್ಟಕದಿಂದ ತಾಳೆ ನೋಡಿದೆ. ದ್ವೀಪದ ರೇಖಾಂಶಕ್ಕೆ ಹೊಂದಿಸಿ ಮತ್ತೊಮ್ಮೆ ನೋಡಿದೆ. ಗ್ರೀನಿಚ್ಚಿಗಿಂತ ನಮ್ಮ ಧಾರವಾಡದ ಗಡಿಯಾರ ಐದೂವರೆ ತಾಸು ಮುಂದೆ, ಅವರದು ಒಂಬತ್ತೂವರೆ ತಾಸು ಹಿಂದೆ. ಎರಡಕ್ಕೂ ಅರ್ಧ ತಾಸಿನ ಬಾಲ. ಆದರೆ ಆ ಕಾಲದಲ್ಲಿ ಇಂಥ ಗಡಿಯಾರವೇ ಇರಲಿಲ್ಲವೆಂದು ಅದನ್ನೂ ಬಿಟ್ಟು, ದ್ವೀಪದ ಸೂರ್ಯನಿಂದಲೇ ಎಣಿಸಿದೆ. ಹುಣ್ಣಿಮೆ ಸೋಮವಾರ. ಸೋಮವಾರ ಸಂಜೆ ಕತ್ತಲೆಯೇ ಇಲ್ಲ. ಮಂಗಳವಾರ ಸೂರ್ಯ ಮುಳುಗಿ ಮುಕ್ಕಾಲು ತಾಸು ಮೀರಿದರೂ ಚಂದ್ರನಿಲ್ಲ, ಕತ್ತಲೆ.

ಮಂಗಳವಾರ ಸಂಜೆ ಹಡಗು ಮೂಡಣ ಕೊಲ್ಲಿಯಲ್ಲಿತ್ತು.

ಇದನ್ನು ಫೋನಿನಲ್ಲಿ ಹೇಳುವ ವಿಷಯವಲ್ಲವೆಂದು, ಡಿಕೇಟರ್‌ಗೆ ನಾನೇ ಹೋಗುವುದೆಂದು ನಿಶ್ಚಯಿಸಿದೆ. ಸುಮಿತ್ರಾ ತಾನೂ ಹೊರಟಳು. “ಈ ಮಾರಿ ಹೊತ್ಕೊಂಡ ಒಬ್ಬರs ಹೋದ್ರ ಎಕ್ಸಿಟ್ ತಪ್ಪಿಸಿ ಅಲಬಾಮಾಕ್ಕ ಹೋಗತೀರಿ,” ಎಂದು ಕಾರಿನ ಕೀಲಿ ಅವಳೇ ಇಟ್ಟುಕೊಂಡಳು. ಶಾರ್ಲಟ್ ದಾಟಿ, ಸೌತ್ ಕೆರೊಲಿನಾದಲ್ಲಿ ಪೀಚ್ ಹಣ್ಣಿನ ಆಕಾರದ ನೀರಿನ ತೊಟ್ಟಿ ಕಂಡಾಗ ಎಲ್ಲವನ್ನೂ ಹೇಳಿದೆ.

ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು: “ಅದು ನಿಮ್ಮ ಪುಸ್ತಕದ ಚಂದ್ರ. ಅವತ್ತ ಫೋನ್ ಹೇಳಿದ ಹೊತ್ತಿಗೆ ನನಗ ಕಂಡನೇನು? ಹಿತ್ತಲದಾಗಿನ ಪೈನ್ ಗಿಡಾ ದಾಟಿ ಬರೂದ್ರಾಗ ಮತ್ತರ್ಧಾ ತಾಸು ಹೋತು. ಅಲ್ಲಿ ನಡುವ ಬೆಟ್ಟ ಅದ ಅಂದ್ರಿ. ಬೆಟ್ಟ ಅಡ್ಡ ಇದ್ರ ಹುಣ್ಣಿವಿ ದಿನಾನೂ ಕತ್ತಲೀನs ಅಲ್ಲೇನ್ರೀ?”

ಫೋನಿನಲ್ಲಿ ದ್ವೀಪದ ನಕಾಶೆ ತೆಗೆದೆ. ನಿಜ. ಪಡುವಣ ಕಣಿವೆಗೆ ಪೂರ್ವದಲ್ಲಿ ಗೋಡೆಯಂಥ ಬೆಟ್ಟ. ಅಲ್ಲಿ ಹುಣ್ಣಿಮೆಯ ಚಂದ್ರನೂ ತಡವಾಗಿಯೇ ಕಾಣುತ್ತಾನೆ. ಸೋಮವಾರ ಸಂಜೆಯಲ್ಲೂ ಅಲ್ಲಿ ಕತ್ತಲೆಯ ಸಂದು ಇದ್ದಿರಬೇಕು. ನಾನು ಮಾಡಿದ ಲೆಕ್ಕವೆಲ್ಲ ಬಯಲು ನಾಡಿನದು. ಉತ್ತರ ಕೈಯಲ್ಲಿದೆಯೆಂದು ಹೊರಟವನು ನಾನೂರು ಮೈಲಿ ದಾರಿಯ ನಡುವೆ ಬರಿಗೈಯಾಗಿದ್ದೆ. “ಹಿಂದಿರುಗಿ ಹೋಗೋಣ,” ಎಂದೆ.

“ಅವಲಕ್ಕಿ ಹಚ್ಚಿಕೊಂಡ ಬಂದೀನಿ. ಕೊಟ್ಟರs ಬರೂಣು,” ಎಂದಳು.

ಮೇಘನಾ ನಮಗಿಂತ ಮೊದಲೇ ಬಂದಿದ್ದಳು. ತಹಿಯಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಟ್ಯಾಬ್ಲೆಟ್‌ನಲ್ಲಿ ಫ್ರೆಂಚ್ ರಸಪ್ರಶ್ನೆಯೊಂದನ್ನು ನೋಡುತ್ತಿದ್ದರು. ಸಣ್ಣ ಆಳು, ದೊಡ್ಡ ಕೈಗಳು. ಅವರ ಮಾತನ್ನು ಹಿನಾ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ.

“ನಮ್ಮ ಹಿರಿಯರಿಗೆ ತಾರೀಕು ಹಾಕಿದವರು ಇವರೇನಾ?” ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಅವರಿಗಿಂತ ಇವರೇ ಸೊರಗಿದ್ದಾರೆ.”

ಹಿನಾ ನಕ್ಕಳು. ನನಗೆ ನಗು ಬರಲಿಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟೆ: ನಾನು ಖಚಿತವೆಂದು ಬರೆದದ್ದು ಖಚಿತವಲ್ಲ, ಹಿರಿಯರು ಬೆಟ್ಟದ ಆಚೆಯವರೂ ಆಗಿರಬಹುದು, ಯಾವುದೆಂದು ಹೇಳಲು ನನ್ನ ಹತ್ತಿರ ಆಧಾರವಿಲ್ಲ.

ಹಿನಾ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ತಹಿಯಾ ಅವರ ಕೈ ಎದೆಯ ಮೇಲೆ ಹೋಯಿತು. ಮೇಘನಾ ಎದ್ದು ನಿಂತಳು. ತಹಿಯಾ ಬೇಡವೆಂದು ತಲೆಯಾಡಿಸಿ, ಸಿಟ್ಟಿನಿಂದ ಹೇಳಿದರು: “ಆಧಾರ ಇಲ್ಲದೆ ಏನು? ಕಥೆ ನನ್ನ ಅಜ್ಜಿಯದು. ನನ್ನ ಅಜ್ಜಿ ನನ್ನ ಮನೆಯಲ್ಲಿ ಸತ್ತಳು. ಮನೆ ಪಡುವಣ ಕಣಿವೆಯಲ್ಲಿದೆ. ಇನ್ನೇನು ಬೇಕು ನಿಮಗೆ?”

ಏನು ಬೇಕೆಂದು ನನಗೇ ತಿಳಿಯದೆ, “ಆ ಕಥೆಯನ್ನು ಒಮ್ಮೆ ಹೇಳುತ್ತೀರಾ? ನಾನು ಓದಿದ್ದೇನೆ. ಕೇಳಿಲ್ಲ,” ಎಂದೆ.

ಅವರು ಕಣ್ಣು ಮುಚ್ಚಿದರು. ಹೇಳತೊಡಗಿದಾಗ ದನಿ ಬೇರೆಯಾಯಿತು, ಎಳೆಯದಾಯಿತು. ಹಿನಾ ಪಿಸುದನಿಯಲ್ಲಿ ಸಾಲು ಸಾಲಾಗಿ ತಿರುಗಿಸುತ್ತಿದ್ದಳು. ಜನ ದಡದ ಮೇಲೆ ಕುಳಿತಿದ್ದರು. ಚಂದ್ರ ಬರಲೆಂದು ಕಾಯುತ್ತಿದ್ದರು. ಕತ್ತಲೆಯಲ್ಲಿ ಬೂಟಿನ ಸದ್ದಾಯಿತು. ನಾಯಿ ಬೊಗಳಿತು, ಆಮೇಲೆ ಬೊಗಳಲಿಲ್ಲ. ಅಷ್ಟರಲ್ಲಿ ತಹಿಯಾ ಅವರ ಬಲಗೈ ಎದ್ದು ಹಿಂದಿನ ಗೋಡೆಯ ಕಡೆ ಚಾಚಿತು. “ಆಗ ಚಂದ್ರ ಕಡಲಿನೊಳಗಿಂದ ಎದ್ದ,” ಎಂದಳು ಹಿನಾ. “ಎಲ್ಲರೂ ತಿರುಗಿ ಸಮಾಧಿಯ ಕಡೆ ನೋಡಿದರು. ಹಿರಿಯರು ಇರಲಿಲ್ಲ.”

ಸಾರಾಂಶದಲ್ಲಿ ‘ಚಂದ್ರ ಉದಯಿಸಿದ’ ಎಂದಷ್ಟೇ ಇತ್ತು. ಕಡಲು ಇರಲಿಲ್ಲ.

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. “ನಿಮ್ಮ ಕಣಿವೆಯಲ್ಲಿ ಚಂದ್ರ ಕಡಲಿನಿಂದ ಏಳುತ್ತಾನೆಯೇ?” ಎಂದು ಕೇಳಿದೆ.

ತಹಿಯಾ ಕಣ್ಣು ತೆರೆದರು. ಉತ್ತರ ಥಟ್ಟನೆ ಬಾಯಿಗೆ ಬಂದು ಅಲ್ಲೇ ನಿಂತದ್ದು ಕಾಣಿಸಿತು. ಚಾಚಿದ ಕೈ ಇನ್ನೂ ಹಾಗೆಯೇ ಇತ್ತು. ಅದನ್ನು ಅವರು ಬೇರೆ ಯಾರದೋ ಕೈಯೆಂಬಂತೆ ನೋಡಿದರು.

“ಇಲ್ಲ,” ಎಂದರು. “ನಮ್ಮಲ್ಲಿ ಬೆಟ್ಟದಿಂದ ಬರುತ್ತಾನೆ. ಕಡಲು ಇರುವುದು ಇತ್ತ ಕಡೆ.” ಎಡಗೈ ಎತ್ತಿ ಎದುರು ದಿಕ್ಕನ್ನು ತೋರಿಸಿದರು. ಆಮೇಲೆ ನಿಧಾನವಾಗಿ ಹೇಳಿದರು: “ಕಥೆ ಹೇಳುವಾಗ ಅಜ್ಜಿ ಬೆಟ್ಟದ ಕಡೆ ಕೈ ತೋರಿಸಿ ಕಡಲು ಅನ್ನುತ್ತಿದ್ದಳು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ‘ಅಜ್ಜೀ, ಅದು ಬೆಟ್ಟ’ ಅಂತಿದ್ದೆವು. ‘ನಿಮಗೆ ಬೆಟ್ಟ’ ಅಂತಿದ್ದಳು. ವಯಸ್ಸಾಯಿತು, ದಿಕ್ಕು ತಪ್ಪಿದೆ ಅಂತ ನಮ್ಮ ಅಪ್ಪ ಹೇಳುತ್ತಿದ್ದ.”

ನನ್ನ ಪಕ್ಕದಲ್ಲಿ ಸುಮಿತ್ರಾ ಕನ್ನಡದಲ್ಲಿ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ತವರ ಮನಿ ರೀ ಅದು,” ಎಂದಳು. “ಮತ್ತೇನ? ಬೆಟ್ಟದಾಚಿ ಆಕಿ ತವರು.”

ಆದರೆ ಮೇಘನಾಳಿಗೂ ಕೇಳಿಸಿತ್ತು. “ತವರಿಗೆ ಇಂಗ್ಲಿಷ್‌ನಲ್ಲಿ ಏನಂತಾರೆ ಆಂಟಿ?” ಎಂದು ತಡವರಿಸಿ, ಕೊನೆಗೆ ಉದ್ದದ ವಾಕ್ಯ ಮಾಡಿ ಹಿನಾಳಿಗೆ ಹೇಳಿದಳು: ಮದುವೆಯಾಗಿ ಹೋದ ಹೆಂಗಸು ಮನಸ್ಸಿನಲ್ಲಿ ಬಿಟ್ಟುಬರಲಾಗದ ಮನೆ. ಹಿನಾ ತನ್ನ ಭಾಷೆಯಲ್ಲಿ ಹೇಳಿದಳು. ತಹಿಯಾ ಚಾಚಿದ ಕೈಯನ್ನು ಮಡಿಲಿಗೆ ತಂದುಕೊಂಡು ಹೇಳಿದರು. ಅಜ್ಜಿ ಎಲ್ಲಿಂದಲೋ ಬಂದವಳೆಂದು ಮನೆಯಲ್ಲಿ ಗೊತ್ತಿತ್ತಂತೆ. ಎಲ್ಲಿಂದ ಎಂದು ಯಾರೂ ಕೇಳುವಂತಿರಲಿಲ್ಲವಂತೆ. ಬೆಟ್ಟದ ಆಚೆಯವರೆಂದರೆ ಹಿಂದೆ ವೈರಿಗಳು. ವೈರಿಗಳ ಮನೆಗೆ ಬಂದು ಬಾಳಿದವಳು, ತನ್ನ ಊರಿನ ಕಥೆಯನ್ನು ಊರಿನ ಹೆಸರು ತೆಗೆದು ಮೊಮ್ಮಕ್ಕಳಿಗೆ ಕೊಟ್ಟಿದ್ದಳು. ಕೈಯನ್ನು ಮಾತ್ರ ಸರಿಯಾದ ದಿಕ್ಕಿಗೆ ಹಿಡಿದಿದ್ದಳು.

ಜನ ಒಲೆ ಆರಿದ ಮನೆಗಳನ್ನು ಬಿಟ್ಟು ಬೆಟ್ಟ ದಾಟಿದರು ಎಂಬ ನನ್ನ ಆ ಹಳೆಯ ವಾಕ್ಯ ಎದುರಿಗೇ ಕುಳಿತು ಕಣ್ಣು ಒರೆಸಿಕೊಳ್ಳುತ್ತಿತ್ತು.

“ಹಾಗಾದರೆ ಅವರು ನಮ್ಮವರಲ್ಲ,” ಎಂದರು ತಹಿಯಾ. ಆಮೇಲೆ ತಾವೇ ತಿದ್ದಿಕೊಂಡರು: “ಅಜ್ಜಿಯ ಕಡೆಯವರು. ಅಲ್ಲಿಗೇ ಹೋಗಬೇಕು. ನಾನೇ ಒಯ್ಯುತ್ತೇನೆ.”

“ಪಡುವಣದಲ್ಲಿ ಜಾಗ ಅಗೆದು ಕಾಯುತ್ತಿದ್ದಾರಲ್ಲ ಅಜ್ಜೀ?” ಎಂದಳು ಹಿನಾ.

“ಅದು ಹಾಗೇ ಇರಲಿ. ನನಗಾಗುತ್ತದೆ.” ಸುಮಿತ್ರಾ ತಂದ ಅವಲಕ್ಕಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. “ಆದರೆ ಈಗಲೇ ಅಲ್ಲ.”

ಕಾಗದಪತ್ರಗಳನ್ನೆಲ್ಲ ಮತ್ತೆ ಸಲ್ಲಿಸಬೇಕಾಯಿತು. ಮೂಡಣ ಕಣಿವೆಯ ಕುಟುಂಬಗಳನ್ನು ಹುಡುಕಿ, ಕೇಳಿ, ಒಪ್ಪಿಸುವುದರಲ್ಲಿ ಚಳಿಗಾಲ ಕಳೆಯಿತು. ಹಿನಾಳ ಹೆಸರು ಫೋನಿನಲ್ಲಿ ಮೂಡಿದಾಗಲೆಲ್ಲ, ತಹಿಯಾ ಅವರಿಗೆ ಏನಾಯಿತೋ, ತಡಮಾಡಿದವನು ನಾನೇ ಎಂದು ಬೆದರುತ್ತಿದ್ದೆ. ಎತ್ತುವ ಮುನ್ನ ಒಮ್ಮೆ ಗಣಪತಿಯನ್ನು ನೆನೆಯುತ್ತಿದ್ದೆ. ಪ್ರತಿ ಸಲವೂ ಅದು ಬೇರೆ ವಿಷಯಕ್ಕಿರುತ್ತಿತ್ತು. ಒಮ್ಮೆ ಅವಲಕ್ಕಿ ಹಚ್ಚುವುದು ಹೇಗೆಂದು ಕೇಳಲು.

ಹೊಸ ವರದಿಯಲ್ಲಿ ‘ಖಚಿತ’ ಎಂಬ ಪದವನ್ನು ನಾನು ಬಳಸಲಿಲ್ಲ. ಚೀಟಿ ಬರೆದವನ ದಿನ ಯಾವುದೆಂದು ಇಂದಿಗೂ ನನಗೆ ತಿಳಿಯದು. ‘ಆಧಾರ’ ಎಂಬಲ್ಲಿ, ಹುಣ್ಣಿಮೆಯ ಲೆಕ್ಕದ ಮೇಲುಗಡೆ, ಮೊದಲನೆಯದಾಗಿ ಹೀಗೆ ಬರೆದೆ: ‘ಕಥೆ ಹೇಳಿದವರ ಅಜ್ಜಿ ಬೆಟ್ಟದ ಕಡೆ ಕೈ ತೋರಿಸಿ ಕಡಲು ಎನ್ನುತ್ತಿದ್ದರು.’ ಮೇಘನಾ ಫೋನ್ ಮಾಡಿದಳು. “ಅಂಕಲ್, ಇದಕ್ಕೆ ಫುಟ್‌ನೋಟ್ ಏನು ಹಾಕ್ಲಿ?” ಹಾಕಬೇಡವೆಂದೆ. ಅದು ನಾನು ಸಹಿ ಹಾಕಿದ ಕೊನೆಯ ವರದಿ.

೨೦೨೩ರ ವಸಂತದಲ್ಲಿ ತಹಿಯಾ, ಹಿನಾಳ ಜೊತೆ, ಹಿರಿಯರನ್ನು ಮಡಿಲಲ್ಲಿಟ್ಟುಕೊಂಡು ಹೋದರು. ವಿಮಾನ, ಮತ್ತೊಂದು ವಿಮಾನ, ಕೊನೆಗೆ ದೋಣಿ. ದೋಣಿ ಮೂಡಣ ಕೊಲ್ಲಿಗೆ ಮುಟ್ಟಿತೆಂಬ ಸುದ್ದಿ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಮರುದಿನ ಹಿನಾ ಅಲ್ಲಿಂದ ಫೋನ್ ಮಾಡಿದಳು. ಮಣ್ಣು ಮುಚ್ಚಿದ ಮೇಲೆ ಅವಳ ಅಜ್ಜಿ ದಡಕ್ಕೆ ಹೋಗಿ ಕುಳಿತರಂತೆ. ಆ ಕಣಿವೆಯ ಮಕ್ಕಳು ಬಂದು ಸುತ್ತಲೂ ನೆರೆದರಂತೆ. ಅಜ್ಜಿ ಕಥೆಯನ್ನು ಮೊದಲಿನಿಂದ ಹೇಳಿದರಂತೆ: ಕಾಯುತ್ತಿದ್ದ ಜನ, ಬೂಟಿನ ಸದ್ದು, ನಾಯಿ. ಆಮೇಲೆ ಕೈ ಎತ್ತಿ ಚಂದ್ರ ಕಡಲಿನೊಳಗಿಂದ ಎದ್ದ ಎಂದರಂತೆ.

“ನೀವು ಕೇಳುತ್ತೀರೆಂದು ನೋಡಿಕೊಂಡೆ,” ಎಂದಳು ಹಿನಾ. “ಯಾವ ಮಗುವೂ ನಗಲಿಲ್ಲ.”